ಆಟಿಯೊಳಗೆ ಒಂದು ಮೊಟ್ಟೆ

ಯಾರಾದರೂ ನನ್ನೆದುರು ಕುಳಿತು 'ಹೌದು' ಎಂದರೆ ನನ್ನ ನಾಲಿಗೆ ತನ್ನಷ್ಟಕ್ಕೇ 'ಅಲ್ಲ' ಎನ್ನುತ್ತದೆ. ಇದನ್ನು ಕೆಲವರು ಅಹಂಕಾರ ಎನ್ನುತ್ತಾರೆ, ಇನ್ನು ಕೆಲವರು ಮದುವೆಯಾದರೆ ಸರಿಹೋಗುತ್ತದೆ ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಇದು ತರಬೇತಿಯ ಫಲ. ಹೈಸ್ಕೂಲಿನಿಂದ ಹಿಡಿದು ಡಿಗ್ರಿ ಮುಗಿಯುವವರೆಗೆ ಉಡುಪಿ, ಕಾರ್ಕಳದ ಕಡೆ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ಅಲ್ಲಿ ನಾನಿರುತ್ತಿದ್ದೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಮೊಬೈಲು ಸಮಾಜಕ್ಕೆ ಶಾಪವೆಂದು ಮೇಜು ಕುಟ್ಟಿ, ಮಧ್ಯಾಹ್ನ ಸಂಘಟಕರ ಪಲಾವು ತಿಂದು, ಸಂಜೆ ಫೈನಲಿನಲ್ಲಿ ಅದೇ ಮೊಬೈಲು ವರವೆಂದು ಅದೇ ಮೇಜು ಕುಟ್ಟಿದ್ದುಂಟು. ಗೆದ್ದ ಶೀಲ್ಡುಗಳೆಲ್ಲ ಕಾಲೇಜಿನ ಗಾಜಿನ ಕಪಾಟಿಗೆ ಹೋದವು. ಮೇಜು ಕುಟ್ಟುವ ಚಟ ಮಾತ್ರ ನನ್ನ ಜೊತೆ ಮನೆಗೆ ಬಂತು. ಈಗ ನನಗೆ ಮಣಿಪಾಲದ ಒಂದು ಆಫೀಸಿನಲ್ಲಿ ಬೇರೆಯವರ ವೆಬ್‌ಸೈಟುಗಳಿಗೆ ಬರೆದುಕೊಡುವ ಕೆಲಸ. ಅಲ್ಲಿ ಗಿರಾಕಿ ಏನು ಹೇಳಿದರೂ ಹೌದು ಎನ್ನಬೇಕು. ದಿನವಿಡೀ ಬಾಯಲ್ಲಿ ತಡೆದಿಟ್ಟುಕೊಂಡ 'ಅಲ್ಲ'ಗಳೆಲ್ಲ ಸಂಜೆ ಪರ್ಕಳದ ನಮ್ಮ ಮನೆಯ ಗೇಟು ದಾಟುತ್ತಲೇ ಒಟ್ಟಿಗೆ ಹೊರಬರುತ್ತವೆ. ಅವು ಹೆಚ್ಚಾಗಿ ಬೀಳುವುದು ಅಮ್ಮನ ಮೇಲೆ. ನಮ್ಮ ಮನೆಮಾತು ತುಳು. ಇಲ್ಲಿ ಅಮ್ಮನಿಂದ ನಾನು ಕನ್ನಡ ಆಡಿಸಿದ್ದೇನೆ. ಅವಳು ನನಗೆ ಹೇಳುವುದನ್ನು ತುಳುವಿನಲ್ಲಿ ಇದ್ದ ಹಾಗೆಯೇ ಬರೆದರೆ ಯಾವ ಸಂಪಾದಕರೂ ಅಚ್ಚು ಹಾಕಲಿಕ್ಕಿಲ್ಲ.

ಕೋಳಿಗಳ ವಿಷಯಕ್ಕೆ ಬರುತ್ತೇನೆ. ಬೇಸಗೆಯ ಹೊತ್ತಿಗೆ ಕಾಪುವಿನ ದೊಡ್ಡಮ್ಮ ಅಮ್ಮನಿಗೆ ನಾಲ್ಕು ಎಳೆ ಹೇಂಟೆಗಳನ್ನು ಕೊಟ್ಟರು. ಅವು ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು, ತೂತಿನಿಂದ ಕೊಕ್ಕು ಹೊರಗೆ ಹಾಕಿಕೊಂಡು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದವು. "ಊರಿನ ಕೋಳಿ. ಮಳೆ ಹಿಡಿಯುವುದರೊಳಗೆ ಮೊಟ್ಟೆ ಶುರು ಮಾಡ್ತವೆ ನೋಡು" ಎಂದು ದೊಡ್ಡಮ್ಮ ಫೋನಿನಲ್ಲಿ ಭರವಸೆ ಕೊಟ್ಟರು. ಅಪ್ಪ ಹಿತ್ತಿಲಲ್ಲಿ ಹಳೆಯ ಬಾಗಿಲಿನ ಹಲಗೆಗಳಿಂದ ಒಂದು ಗೂಡು ಮಾಡಿಕೊಟ್ಟು, ತಮ್ಮ ಕರ್ತವ್ಯ ಮುಗಿಯಿತೆಂದು ಪೇಪರು ಹಿಡಿದು ಕುಳಿತರು. ಮಳೆ ಹಿಡಿಯಿತು. ಮೊಟ್ಟೆ ಬರಲಿಲ್ಲ. ಕೋಳಿಗಳು ಅಕ್ಕಿ ತಿಂದವು, ಬಸಳೆ ಚಪ್ಪರದ ಬುಡ ಕೆದಕಿದವು, ನನ್ನ ಸ್ಕೂಟರಿನ ಸೀಟಿನ ಮೇಲೆ ನಿಂತು ಪ್ರಪಂಚವನ್ನು ನೋಡಿದವು. ನಿಂತಲ್ಲಿ ಏನು ಬಿಟ್ಟು ಹೋಗಬಾರದೋ ಅದನ್ನೇ ಬಿಟ್ಟು ಹೋದವು. ಒಮ್ಮೆ ಅಮ್ಮ, "ನನಗೆ ಮಂಡಿ ನೋವು, ಬಗ್ಗಲಿಕ್ಕೆ ಆಗುವುದಿಲ್ಲ. ಒಂದು ಸಲ ಗೂಡು ಗುಡಿಸು ಮಾರಾಯ್ತಿ" ಎಂದಳು. ಕೋಳಿ ಬೇಕೆಂದವರು ಯಾರು, ಬೇಕೆಂದವರ ಹೊಣೆ ಎಲ್ಲಿಯವರೆಗೆ, ಮನೆಯ ಕೆಲಸವೆಂದರೆ ಹೆಣ್ಣುಮಕ್ಕಳದ್ದೇ ಏಕೆ ಎಂದು ನಾನು ಮೂರು ಅಂಶಗಳಲ್ಲಿ ಉತ್ತರಿಸಿದೆ. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಅಮ್ಮ ಗುಡಿಸಿ ಮುಗಿಸಿದ್ದಳು.

ಇದರ ನಡುವೆ ಅಕ್ಕನ ಮದುವೆ ಆಯಿತು. ಭಾವ ಕಾರ್ಕಳದವರು, ತೂಕದ ಮನುಷ್ಯ, ಮಾತು ಕಡಿಮೆ, ಊಟ ಶ್ರದ್ಧೆಯಿಂದ. ನಮ್ಮಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಆಟಿ ತಿಂಗಳಿಗೆ, ಅಂದರೆ ಜೋರು ಮಳೆಯ ಆ ತಿಂಗಳಿಗೆ, ತವರಿಗೆ ಬಂದು ಕೂರಬೇಕು. ಅವಳನ್ನು ನೋಡುವ ನೆವದಲ್ಲಿ ಅಳಿಯ ಬರಬೇಕು. ಅಳಿಯ ಬಂದಮೇಲೆ ಊರಿನ ಕೋಳಿಯ ಸಾರು ಆಗಲೇಬೇಕು. ಇದು ಸಂವಿಧಾನದಲ್ಲಿ ಇಲ್ಲ, ಆದರೆ ಸಂವಿಧಾನಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲನೆಯಾಗುತ್ತದೆ. ಒಂದು ಸಂಜೆ ನಾನು ಆಫೀಸಿನಿಂದ ಬಂದು ಚಾ ಕುಡಿಯುತ್ತಿದ್ದಾಗ ಅಮ್ಮ ಹಿತ್ತಿಲ ಕಡೆ ನೋಡುತ್ತಾ, ಗಾಳಿಗೆ ಹೇಳುವ ಹಾಗೆ ಹೇಳಿದಳು: "ಈ ಸೋಮಾರಿಗಳಿಗೆ ಎಷ್ಟು ದಿನ ಅಕ್ಕಿ ಹಾಕುವುದು? ಆಟಿಯೊಳಗೆ ಮೊಟ್ಟೆ ಇಡದಿದ್ದರೆ ನಾಲ್ಕನ್ನೂ ಕೊಯ್ಯುವುದು. ಆ ಅಕ್ಕಿಯಲ್ಲಿ ರೊಟ್ಟಿ ಮಾಡಿದರೆ ಭಾವನಿಗೆ ಕೋರಿ ರೊಟ್ಟಿ ಆಗ್ತದೆ."

ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಕ್ಷಣದವರೆಗೆ ನನಗೆ ಆ ಕೋಳಿಗಳ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಕೋರಿ ರೊಟ್ಟಿಯ ಮೇಲೆ, ಅಂದರೆ ಗರಿಗರಿ ರೊಟ್ಟಿಗೆ ಸುರಿದ ಕೋಳಿ ಸಾರಿನ ಮೇಲೆ, ಇತ್ತು. ಆದರೆ ಅಮ್ಮನದು ಖಚಿತ ಧ್ವನಿ. ಖಚಿತ ಧ್ವನಿ ಕೇಳಿದರೆ ನನ್ನ ಕಿವಿಯೊಳಗೆ ಸ್ಪರ್ಧೆಯ ಗಂಟೆ ಮೊಳಗುತ್ತದೆ. ಲೋಟ ಕೆಳಗಿಟ್ಟು ಎದ್ದು ನಿಂತೆ.

"ಅದು ಅನ್ಯಾಯ. ಮೊಟ್ಟೆ ಇಡದಿರುವುದು ಅಪರಾಧ ಎಂದು ಯಾರು ಹೇಳಿದ್ದು? ಊರಿನ ಕೋಳಿಗೆ ಅದರದ್ದೇ ಸಮಯ ಉಂಟು. ಮಳೆಗಾಲದಲ್ಲಿ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಮೊಟ್ಟೆ ತಡ. ಸರಿಯಾದ ಆಹಾರ, ಸರಿಯಾದ ಗೂಡು ಕೊಟ್ಟರೆ ಆಟಿಯೊಳಗೆ ಖಂಡಿತ ಇಡುತ್ತವೆ."

"ಹೌದಾ?" ಎಂದಳು ಅಮ್ಮ. "ಯಾರು ಕೊಡುವುದು?"

"ನಾನು ಕೊಡ್ತೇನೆ. ಸಾಬೀತು ಮಾಡ್ತೇನೆ."

"ಇಡದಿದ್ದರೆ?"

"ಇಡದಿದ್ದರೆ ಕೊಯ್ಯಿ. ನಾನೇ ಮಸಾಲೆ ಅರೆದು ಕೊಡ್ತೇನೆ."

ಪೇಪರಿನ ಹಿಂದಿನಿಂದ ಅಪ್ಪ, "ಎರಡೂ ಕಡೆಯವರಿಗೆ ಸಮ್ಮತ ಉಂಟಲ್ಲ?" ಎಂದು ಸಭಾಧ್ಯಕ್ಷರ ಗತ್ತಿನಲ್ಲಿ ಕೇಳಿ ಪುಟ ಮಗುಚಿದರು.

ಹೀಗೆ ನಾಲ್ಕು ಜೀವಗಳು ನನ್ನ ನಾಲಿಗೆಗೆ ಗಂಟುಬಿದ್ದವು. ಮರುದಿನ ಬೆಳಿಗ್ಗೆ, ಮಣಿಪಾಲದ ಅರ್ಧ ಜನ ಇನ್ನೂ ಹೊದಿಕೆಯೊಳಗೆ ಇರುವ ಹೊತ್ತಿಗೆ, ನಾನು ಮಳೆಕೋಟು ಹಾಕಿಕೊಂಡು ಗೂಡಿನೊಳಗೆ ತಲೆ ಹಾಕಿದ್ದೆ. ಕೋಳಿಗೂಡಿನ ಒಳಗಿನ ಗಾಳಿಯನ್ನು ಹೊಟ್ಟೆ ಖಾಲಿ ಇರುವಾಗ ಕುಡಿದವರಿಗೆ ಮಾತ್ರ ನನ್ನ ತ್ಯಾಗದ ಆಳ ಅರ್ಥವಾದೀತು. ಗುಡಿಸಿದೆ, ಒಣ ಹುಲ್ಲು ಹಾಸಿದೆ, ನೀರು ಬದಲಿಸಿದೆ. ಸಂಜೆ ಬಂದು ಒಂದೊಂದನ್ನೇ ಒಳಗೆ ಅಟ್ಟಿದೆ. ಮುಂಗುಸಿ ನುಗ್ಗದ ಹಾಗೆ ಬಾಗಿಲಿಗೆ ಅಗುಳಿ ಹಾಕಿ ಕಲ್ಲು ಆನಿಸಿದೆ. ಅಮ್ಮ ಕಿಟಕಿಯಿಂದ ನೋಡುತ್ತಾ, "ಎಂತ ಪ್ರಯೋಜನವೂ ಇಲ್ಲ ಬಿಡು" ಎಂದಳು. ಅಷ್ಟು ಸಾಕಾಯಿತು. ಮರುದಿನ ಇನ್ನೂ ಬೇಗ ಎದ್ದೆ.

ಮೊಟ್ಟೆ ಇಡದ ಕೋಳಿ ಮನೆಯಲ್ಲಿ ಇದ್ದರೆ ಊರಿನಲ್ಲಿ ತಜ್ಞರಿಗೆ ಬರವಿರುವುದಿಲ್ಲ. ಪಕ್ಕದ ಮನೆಯ ಸಿಸಿಲಿ ಬಾಯಿ ಕಂಪೌಂಡಿನ ಮೇಲಿಂದ ಒಂದು ಬಿಳಿ ಪ್ಲಾಸ್ಟಿಕ್ ಚೆಂಡು ಚಾಚಿದರು. ಅವರ ಇಬ್ಬರು ಮಕ್ಕಳೂ ಗಲ್ಫಿನಲ್ಲಿ. ಮನೆ ದೊಡ್ಡದು, ಮನಸ್ಸು ಇನ್ನೂ ದೊಡ್ಡದು.

"ಇದನ್ನು ಹುಲ್ಲಿನಲ್ಲಿ ಇಡು. ಒಂದು ಮೊಟ್ಟೆ ಕಂಡರೆ ಅವಕ್ಕೂ ಇಡುವ ಅಂತ ಆಸೆ ಆಗ್ತದೆ."

"ಬಾಯಿ, ಅದು ಯಾವ ತರ್ಕ? ಆಚೆ ಮನೆಯವರ ಅಂಗಳದಲ್ಲಿ ಕಾರು ಕಂಡರೆ ಈಚೆ ಮನೆಯವರ ಅಂಗಳಕ್ಕೂ ಕಾರು ಬರ್ತದಾ?"

"ಬರ್ತದಲ್ಲ ಮಾರಾಯ್ತಿ! ಈ ಓಣಿಯಲ್ಲಿ ಎಲ್ಲರ ಮನೆಗೂ ಕಾರು ಬಂದದ್ದು ಹಾಗೆಯೇ ಅಲ್ವಾ?"

ನಾನು ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಚೆಂಡು ತೆಗೆದುಕೊಂಡೆ.

ನಮ್ಮ ಹಿಂದಿನ ಬಾಡಿಗೆ ಕೋಣೆಯಲ್ಲಿ ಇರುವ ಬಸಪ್ಪಣ್ಣ ಬಾಗಲಕೋಟೆ ಕಡೆಯವರು, ಗಾರೆ ಕೆಲಸಕ್ಕೆ ಬಂದವರು. ಅವರದ್ದು ಬೇರೆಯೇ ಸಿದ್ಧಾಂತ. "ನಮ್ ಕಡೆ ಕೋಳಿ ಜ್ವಾಳಾ ತಿಂದು ಗಟ್ಟಿ ಇರ್ತಾವ್ರಿ ಅಕ್ಕಾರ. ನಿಮ್ಮವು ಬರೇ ಅಕ್ಕಿ ತಿಂದು ಸಾಹೇಬ್ರಾದಂಗ ಆಗ್ಯಾವ. ಸಾಹೇಬ್ರು ಎಲ್ಲೆರ ಕೆಲಸಾ ಮಾಡ್ತಾರೇನ್ರಿ?" ಎಂದು ಒಂದು ಹಿಡಿ ಜೋಳ ಕೊಟ್ಟರು. ಕೋಳಿಗಳು ಅದನ್ನೂ ತಿಂದು ಸಾಹೇಬರಾಗಿಯೇ ಉಳಿದವು. ಅಪ್ಪನ ಗೆಳೆಯರೊಬ್ಬರು ಬಂದು, "ಹುಂಜ ಇಲ್ಲದೆ ಮೊಟ್ಟೆ ಎಲ್ಲಿಂದ ಬರಬೇಕು?" ಎಂದು ನಕ್ಕರು. ನಾನು ಬಿಟ್ಟೇನೇ? ಮೊಟ್ಟೆಗೆ ಹುಂಜ ಬೇಡ, ಮರಿಗೆ ಮಾತ್ರ ಬೇಕು ಎಂದು ಶುರುಮಾಡಿ, ಜೀವಶಾಸ್ತ್ರವನ್ನು ಬುಡದಿಂದ, ಹಿಂದಿನ ಸಾಲಿನವರಿಗೂ ಕೇಳುವ ಧ್ವನಿಯಲ್ಲಿ ವಿವರಿಸತೊಡಗಿದೆ. ಅಮ್ಮ ಅಡುಗೆಮನೆಯಿಂದ ಓಡಿಬಂದು, "ಮೆಲ್ಲ ಮಾತಾಡು! ಎದುರು ಮನೆಯಲ್ಲಿ ಸಂಬಂಧ ನೋಡಲಿಕ್ಕೆ ಜನ ಬಂದಿದ್ದಾರೆ" ಎಂದಳು. ಗೆಳೆಯರು ಚಾ ಮುಗಿಸದೆ ಎದ್ದರು. ಅದನ್ನು ನನ್ನ ಗೆಲುವೆಂದೇ ನಾನು ಪರಿಗಣಿಸಿದ್ದೇನೆ.

ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವಾಗ ಸತ್ಯ ಕಂಡುಹಿಡಿಯಲು ಉಳಿದದ್ದು ಪ್ರಯೋಗದ ದಾರಿ ಒಂದೇ. ಎರಡು ಕೋಳಿಗಳ ಕಾಲಿಗೆ ಕೆಂಪು ನೂಲು, ಎರಡಕ್ಕೆ ನೀಲಿ ನೂಲು ಕಟ್ಟಿದೆ. ಕೆಂಪಿನವರ ಮೂಲೆಯಲ್ಲಿ ಚೆಂಡು, ನೀಲಿಯವರ ಮೂಲೆಯಲ್ಲಿ ಇಲ್ಲ. ಎರಡು ದಿನ ವಿಜ್ಞಾನ ಸುಗಮವಾಗಿ ನಡೆಯಿತು. ಮೂರನೆಯ ದಿನ ನೋಡಿದರೆ ಕೆಂಪಿನವರು ತಮ್ಮ ಕಾಲಿನ ನೂಲನ್ನು ಎರೆಹುಳವೆಂದು ತಿಳಿದು ಪರಸ್ಪರ ಕುಕ್ಕಿ ತಿಂದಿದ್ದರು, ನೀಲಿಯವರು ಚೆಂಡನ್ನು ಒದ್ದು ತಮ್ಮ ಮೂಲೆಗೆ ತಂದುಕೊಂಡಿದ್ದರು. ಅಂತರಜಾಲದಲ್ಲಿ ಊರಿನ ಕೋಳಿ ಸಾಕುವವರ ಒಂದು ಗುಂಪಿಗೆ ಸೇರಿ ಪ್ರಶ್ನೆ ಹಾಕಿದೆ. ಬೆಳ್ಳುಳ್ಳಿ ಕೊಡಿ ಎಂದರು ಒಬ್ಬರು; ಬೆಳ್ಳುಳ್ಳಿ ಕೊಟ್ಟದ್ದರಿಂದಲೇ ನಿಂತಿದೆ ಎಂದರು ಮತ್ತೊಬ್ಬರು. ಮೂರನೆಯವರು ಎಲ್ಲರಿಗೂ ಶುಭೋದಯ ಹೇಳಿ ಗುಲಾಬಿ ಹೂ ಕಳಿಸಿದರು. ಪುರಾವೆ ಕೊಡಿ ಎಂದು ನಾನು ಇಬ್ಬರಲ್ಲೂ ಕೇಳಿದ್ದಕ್ಕೆ ಅಡ್ಮಿನ್ ನನ್ನನ್ನು ಗುಂಪಿನಿಂದ ತೆಗೆದರು. ಗುಲಾಬಿಯವರು ಈಗಲೂ ಅಲ್ಲಿದ್ದಾರೆ.

ಕೊನೆಗೆ ನಾಲ್ಕಾರು ಕಡೆ ಓದಿ ನನಗೆ ನಂಬಿಕೆ ಬಂದದ್ದು ಎರಡರಲ್ಲಿ: ಮೀನು ಮತ್ತು ಚಿಪ್ಪು. ಮೀನು ಮೈಗೆ, ಚಿಪ್ಪು ಮೊಟ್ಟೆಯ ಓಡಿಗೆ. ಸಿಸಿಲಿ ಬಾಯಿಯ ಮನೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನಿನ ಸುಕ್ಕ ಆದ ದಿನ ಅದರ ಚಿಪ್ಪುಗಳನ್ನು ಬೇಡಿ ತಂದು, ಕಡೆಯುವ ಕಲ್ಲಿನ ಗುಂಡಿನಲ್ಲಿ ಜಜ್ಜಿದೆ. ಮೀನಿಗಾಗಿ ಭಾನುವಾರ, ಮಳೆಗೆ ಸ್ಕೂಟರು ಬಿಟ್ಟು, ಬಸ್ಸಿನಲ್ಲಿ ಮಲ್ಪೆಗೆ ಹೋದೆ. ಬಂದರಿನಲ್ಲಿ ಮೀನು ಮಾರುವ ಹೆಂಗಸೊಬ್ಬರಲ್ಲಿ ಬೂತಾಯಿಯ ತಲೆಗಳನ್ನು ಮಾತ್ರ ಕೇಳಿದಾಗ ಅವರು ನನ್ನನ್ನು ಕನಿಕರದಿಂದ ನೋಡಿ, "ಮನೆಯಲ್ಲಿ ಕಷ್ಟ ಉಂಟಾ ಮಗಾ?" ಎಂದರು. ಕೋಳಿಗೆ ಎಂದೆ. "ಕೋಳಿಗೆ ತಲೆ, ನಿನಗೆ ಎಂತ?" ಎಂದು ಕೇಳಿ ಎರಡು ಬಂಗುಡೆಯನ್ನೂ ನನ್ನ ಪ್ಲಾಸ್ಟಿಕ್ ತೊಟ್ಟೆಗೆ ಸೇರಿಸಿದರು. ಮಲ್ಪೆಯಿಂದ ಉಡುಪಿಯವರೆಗಿನ ಬಸ್ಸಿನಲ್ಲಿ ಆ ತೊಟ್ಟೆಯನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಾಲ ಬುಡದಲ್ಲೂ ಒಂದೊಂದು ಇತ್ತು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿದಾಗ ಕತೆ ಬದಲಾಯಿತು. ದೂರದೂರದ ಊರುಗಳಿಂದ ಓದಲು ಬಂದ ಹುಡುಗ ಹುಡುಗಿಯರು ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಮೂಗಿಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ಒಬ್ಬೊಬ್ಬರೇ ಸರಿದು ಸರಿದು ಕೊನೆಗೆ ಅರ್ಧ ಬಸ್ಸು ನನ್ನದಾಯಿತು. ಆ ಬಸ್ಸಿನಲ್ಲಿ ಅಷ್ಟು ವಿಶಾಲವಾಗಿ ಕುಳಿತು ಪ್ರಯಾಣ ಮಾಡಿದವರು ನನಗಿಂತ ಮೊದಲು ಯಾರೂ ಇರಲಾರರು.

ಆಟಿ ಬಂತು. ಅಕ್ಕ ಬಂದಳು. ಮೊಟ್ಟೆ ಬರಲಿಲ್ಲ. ಬೆಳಕಿಗೆಂದು ನಾನು ಗೂಡಿಗೆ ಒಂದು ಬಲ್ಬು ಕಟ್ಟಿದ್ದೆ. ಅದಕ್ಕೆ ಅಪ್ಪನ ಓದುವ ಕುರ್ಚಿಯ ಹತ್ತಿರದ ಹೋಲ್ಡರನ್ನೇ ತೆಗೆಯಬೇಕಾಗಿ ಬಂದಿತ್ತು. "ಕೋಳಿಗಳು ಪೇಪರು ಓದಿ ಮುಗಿಸಿದ ಮೇಲೆ ನನಗೆ ಹೇಳು" ಎಂದು ಅಪ್ಪ ಜಗಲಿಗೆ ಹೋಗಿ ಕುಳಿತರು. ಭಾವ ಮುಂದಿನ ಭಾನುವಾರ ಬರುವುದೆಂದು ನಿಶ್ಚಯವಾಯಿತು. ಅಮ್ಮ ಬ್ಯಾಡಗಿ ಮೆಣಸು ಬಿಸಿಲಿಲ್ಲದೆ ಒಲೆಯ ಹತ್ತಿರ ಒಣಗಿಸತೊಡಗಿದಳು. ರೊಟ್ಟಿಯ ಕಟ್ಟು ಬಂತು. ತೆಂಗಿನಕಾಯಿ ಸುಲಿದಿಟ್ಟಾಯಿತು. ನಾನು ಗೂಡಿನ ಹತ್ತಿರ ಹೋದಾಗಲೆಲ್ಲ ನಾಲ್ಕೂ ಓಡಿಬಂದು ಕಾಲು ಸುತ್ತುವರಿಯುತ್ತಿದ್ದವು. ಅದು ಮೀನಿನ ತಲೆಯ ಮೇಲಿನ ಪ್ರೀತಿ, ನನ್ನ ಮೇಲಿನದ್ದಲ್ಲ ಎಂದು ನನಗೆ ತರ್ಕಬದ್ಧವಾಗಿ ಗೊತ್ತಿತ್ತು. ಗೊತ್ತಿದ್ದೂ ಶನಿವಾರ ಆಫೀಸಿನಲ್ಲಿ ಗಿರಾಕಿಯ ಹೋಟೆಲಿನ ಮೆನುವಿಗೆ 'ಕೋಳಿ ಸುಕ್ಕ'ದ ವರ್ಣನೆ ಬರೆಯಲು ಕುಳಿತಾಗ ಕೈ ಓಡಲಿಲ್ಲ. ಸಂಜೆ ಮನೆಗೆ ಬಂದು ಕೊನೆಯ ಮನವಿ ಸಲ್ಲಿಸಿದೆ.

"ಅಮ್ಮ, ಇನ್ನೊಂದು ತಿಂಗಳು ಅವಧಿ ಕೊಡು. ಅವುಗಳ ಜುಟ್ಟು ಕೆಂಪಾಗಿದೆ. ಅದು ಮೊಟ್ಟೆ ಇಡುವ ಲಕ್ಷಣ."

"ಕೆಂಪು ಜುಟ್ಟನ್ನು ಸಾರಿಗೆ ಹಾಕಲಿಕ್ಕೆ ಆಗ್ತದಾ?" ಎಂದಳು ಅಮ್ಮ. "ಮಾತು ಅಂದ್ರೆ ಮಾತು. ಆಟಿಯೊಳಗೆ ಅಂತ ಹೇಳಿದವಳು ನೀನು."

"ಆಟಿ ಇನ್ನೂ ಮುಗಿಯಲಿಲ್ಲ!"

"ಭಾವ ಬರುವುದು ನಾಳೆ."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು. ಗಂಡ ಬರುವ ಸಂಭ್ರಮಕ್ಕೆ ನಗುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಿತ್ತಿಲಿಗೆ ಹೋದೆ. ಗೂಡಿನ ಅಗುಳಿ ತೆಗೆದೆ. ಮೂರು ಹೊರಗೆ ಬಂದವು. ನಾಲ್ಕನೆಯದು, ಕುತ್ತಿಗೆ ಬೋಳಾದದ್ದು, ಹುಲ್ಲಿನ ಮೇಲೆ ಕುಳಿತು ನನ್ನನ್ನೇ ದುರುಗುಟ್ಟಿ ನೋಡಿತು. ಸ್ವಲ್ಪ ಹೊತ್ತಿಗೆ ಎದ್ದು, ಇಡೀ ಪರ್ಕಳಕ್ಕೆ ಕೇಳುವ ಹಾಗೆ ಬೊಬ್ಬೆ ಹೊಡೆಯುತ್ತಾ ಹೊರಗೆ ಹಾರಿತು. ಹುಲ್ಲಿನಲ್ಲಿ ಚೆಂಡಿನ ಪಕ್ಕ ಒಂದು ಮೊಟ್ಟೆ. ಚೆಂಡಿಗಿಂತ ಸಣ್ಣದು, ಚಾದ ಬಣ್ಣದ್ದು, ಒಂದು ತುದಿಯಲ್ಲಿ ಚೂರು ರಕ್ತದ ಗೆರೆ. ಕೈಗೆತ್ತಿಕೊಂಡರೆ ಬಿಸಿ. ಗೆದ್ದ ಶೀಲ್ಡನ್ನು ಎತ್ತುವ ಹಾಗೆ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ.

"ಪುರಾವೆ!" ಎಂದು ಕೂಗುತ್ತಾ ಅಡುಗೆಮನೆಗೆ ನುಗ್ಗಿದೆ. ನುಗ್ಗಿದವಳು ಅಲ್ಲಿಯೇ ನಿಂತೆ. ಒಲೆಯ ಪಕ್ಕದ ದೊಡ್ಡ ಪಾತ್ರೆಯಲ್ಲಿ, ಕೊಯ್ದು ತುಂಡು ಮಾಡಿ ಅರಿಶಿನ ಹಚ್ಚಿದ ಕೋಳಿ. ಮೊಟ್ಟೆ ಹಿಡಿದುಕೊಂಡೇ ಹಿತ್ತಿಲಿಗೆ ಓಡಿ ಎಣಿಸಿದೆ: ನಾಲ್ಕು. ಮತ್ತೆ ಒಳಗೆ ಬಂದೆ.

"ಇದು ಯಾರು?" ಎಂದು ಕೇಳಿದೆ.

"ಯಾರು ಅಂದ್ರೆ ಎಂತ, ಕೋಳಿ" ಎಂದಳು ಅಮ್ಮ. "ದೊಡ್ಡಮ್ಮ ಕೊಟ್ಟದ್ದು. ನಿನ್ನೆ ನೀನು ಆಫೀಸಿಗೆ ಹೋದ ಮೇಲೆ ಅಪ್ಪ ಕಾಪುವಿಗೆ ಹೋಗಿ ಕೊಯ್ಯಿಸಿಯೇ ತಂದರಲ್ಲ."

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಮದುವೆ ವಾರದಲ್ಲೇ ಅಮ್ಮ ದೊಡ್ಡಮ್ಮನಿಗೆ ಹೇಳಿಟ್ಟಿದ್ದಳು, ಆಟಿಗೆ ಎರಡು ಬೆಳೆದ ಕೋಳಿ ಬೇಕು ಅಂತ. ಊರಿಗೆಲ್ಲ ಗೊತ್ತುಂಟು, ನಿನಗೊಬ್ಬಳಿಗೆ ಗೊತ್ತಿಲ್ಲ."

"ಹಾಗಾದರೆ ಇವುಗಳನ್ನು ಕೊಯ್ಯುತ್ತೇನೆ ಅಂದದ್ದು?"

ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ ಹೇಳಿದಳು: "ಈ ಎಳೆ ಹೇಂಟೆಗಳಲ್ಲಿ ಎಂತ ಮಾಂಸ ಉಂಟು? ಮೊಟ್ಟೆಗೆ ಅಂತ ಸಾಕಿದ್ದನ್ನು ಯಾರಾದರೂ ಕೊಯ್ತಾರಾ? ನೀನೇ ಯೋಚಿಸು. ಗುಡಿಸು ಅಂತ ಹೇಳಿದಾಗ ನೀನು ಭಾಷಣ ಮಾಡಿದಿ. ಕೊಯ್ತೇನೆ ಅಂತ ನಾನು ಹೇಳಿದೆ, ನೀನು ಗುಡಿಸಿದಿ. ನನ್ನ ಮಂಡಿಗೆ ಈಗ ಎಷ್ಟೋ ಆರಾಮ."

ನಾನು ಜಗಲಿಯ ಕಡೆ ನೋಡಿದೆ. ಸಭಾಧ್ಯಕ್ಷರ ಪೇಪರು ಮೆಲ್ಲಗೆ ಕುಲುಕುತ್ತಿತ್ತು.

ಚರ್ಚೆಯಲ್ಲಿ ಸೋಲುವುದನ್ನು ನಾನು ಸಹಿಸಬಲ್ಲೆ. ಆದರೆ ಗೆದ್ದ ಚರ್ಚೆ ನಡೆದೇ ಇರಲಿಲ್ಲ ಎಂದು ತಿಳಿಯುವುದು ಬೇರೆ. ಸಿಟ್ಟಿಗೆ ಪಕ್ಷ ಬದಲಿಸಿದೆ. "ಸರಿ. ಹಾಗಾದರೆ ಈ ನಾಲ್ಕನ್ನೂ ಕೊಯ್ಯಿರಿ. ತಿನ್ನುವುದು ಜಾಸ್ತಿ, ಕೊಡುವುದು ಕಡಿಮೆ. ಲೆಕ್ಕ ಹಾಕಿದರೆ ನಷ್ಟವೇ. ನಾನು ನಾಳೆಯಿಂದ ಗೂಡಿನ ಹತ್ತಿರ ಹೋಗುವುದಿಲ್ಲ."

ಅಮ್ಮ ತುರಿಯುವುದನ್ನು ನಿಲ್ಲಿಸಿದಳು. "ಹೌದು ಮಗಾ, ನೀನು ಹೇಳುವುದು ಸರಿ" ಎಂದಳು. "ಕೊಯ್ಯುವ."

ನಾನು ಬಾಯಿ ತೆರೆದೆ. ಇಷ್ಟು ವರ್ಷ ವಿರೋಧಕ್ಕೆ ಉತ್ತರ ಕೊಡುವುದನ್ನು ಎಲ್ಲರೂ ಕಲಿಸಿದ್ದರು. ಒಪ್ಪಿಗೆಗೆ ಉತ್ತರ ಕೊಡುವುದನ್ನು ಯಾರೂ ಕಲಿಸಿರಲಿಲ್ಲ. "ಸರಿ ಅಂದ್ರೆ? ಹೇಗೆ ಸರಿ?" ಎಂದು ತೊದಲಿದೆ. "ಈಗಷ್ಟೇ ಮೊಟ್ಟೆ ಶುರುಮಾಡಿದ ಕೋಳಿಯನ್ನು ಕೊಯ್ಯುವುದಕ್ಕೆ ನಿನಗೆ ತಲೆ ಸರಿ ಉಂಟಾ?" ಅಕ್ಕ ಗೋಡೆಗೆ ಒರಗಿ ನಕ್ಕಳು. ನನ್ನದೇ ವಾದವನ್ನು ನಾನೇ ಖಂಡಿಸಿ, ನನ್ನನ್ನೇ ಸೋಲಿಸಿ, ಮೊಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಭಾವ ಬಂದರು. ಶ್ರದ್ಧೆಯಿಂದ ಉಂಡರು. ಅಮ್ಮ ನನ್ನ ಪುರಾವೆಯನ್ನು ಬೇಯಿಸಿ, ಸುಲಿದು, ಗೌರವದಿಂದ ಅವರ ಬಾಳೆಲೆಗೇ ಬಡಿಸಿದಳು. ಇಡೀ ಪ್ರಕರಣವನ್ನು ಅಕ್ಕ ಆಗಲೇ ಅವರಿಗೆ ಹೇಳಿದ್ದಳು. ಅವರು ಅದನ್ನು ಒಂದೇ ತುತ್ತಿಗೆ ಮುಗಿಸಿ, ನನ್ನ ಕಡೆ ನೋಡಿ, ಊಟದ ಉದ್ದಕ್ಕೂ ಒಂದೇ ಒಂದು ಮಾತಾಡಿದರು: "ಒಳ್ಳೆದುಂಟು. ಆದರೆ ಸಣ್ಣದಾಯಿತಲ್ಲ?" ಮೊದಲ ಮೊಟ್ಟೆ ಯಾವಾಗಲೂ ಸಣ್ಣದೇ ಎಂಬುದಕ್ಕೆ ನನ್ನ ಬಳಿ ಸಾಕಷ್ಟು ಆಧಾರ ಇತ್ತು. ಆದರೆ ಹೊಟ್ಟೆಯೊಳಗೆ ಸೇರಿದ ಪುರಾವೆಯ ಬಗ್ಗೆ ವಾದಿಸಿ ಏನು ಪ್ರಯೋಜನ?

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಎಲ್ಲರೂ ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆವು. ಹಿತ್ತಿಲಲ್ಲಿ ಕೋಳಿಗಳು ಗೂಡಿನ ಬಾಗಿಲ ಹತ್ತಿರ ಸೇರಿ ಗೊಣಗತೊಡಗಿದವು. ನಾನು ಕೇಳಿಸದವಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಇವತ್ತು ಏಳುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು. ಅಮ್ಮ ಲೋಟ ಇಟ್ಟು, ಮಂಡಿಗೆ ಕೈಕೊಟ್ಟು ಎದ್ದಳು.

"ನೀನು ಕೂತ್ಕೋ ಮಗಾ. ಪಾಪ, ನಿನಗೆ ಸಾಕಾಗಿದೆ. ಇವತ್ತಿನಿಂದ ನಾನೇ ಮುಚ್ತೇನೆ."

"ನೀನಾ?" ಎಂದೆ. "ನಿನಗೆ ಗೊತ್ತುಂಟಾ? ಬೋಳು ಕುತ್ತಿಗೆಯದ್ದನ್ನು ಮೊದಲು ಅಟ್ಟಬೇಕು, ಇಲ್ಲದಿದ್ದರೆ ಉಳಿದವು ಒಳಗೆ ಹೋಗುವುದೇ ಇಲ್ಲ. ಅಗುಳಿಯನ್ನು ಎತ್ತಿ ತಳ್ಳಬೇಕು, ನೀನು ಸುಮ್ಮನೆ ತಳ್ಳುತ್ತಿ. ಕಲ್ಲು ಎಡಗಡೆ ಆನಿಸಬೇಕು. ಬೇಡ, ಕೂತ್ಕೋ, ನಿನ್ನಿಂದ ಆಗುವ ಕೆಲಸ ಅಲ್ಲ ಅದು."

ಅಮ್ಮ ಮತ್ತೆ ಕುಳಿತು ಲೋಟ ಎತ್ತಿಕೊಂಡಳು. ನಾನು ಇಳಿದು ಹೋಗಿ, ಬೋಳು ಕುತ್ತಿಗೆಯದ್ದನ್ನು ಮೊದಲು ಅಟ್ಟಿ, ಉಳಿದ ಮೂರನ್ನೂ ಒಳಗೆ ಸೇರಿಸಿ, ಅಗುಳಿಯನ್ನು ಎತ್ತಿ ತಳ್ಳಿ, ಕಲ್ಲನ್ನು ಎಡಗಡೆ ಆನಿಸಿದೆ. ಕೈ ಕೊಡವಿಕೊಂಡು ತಿರುಗಿ ನೋಡಿದರೆ ಜಗಲಿಯಲ್ಲಿ ಭಾವ ಅಮ್ಮನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದರು.